ಕೊಸರು

ಬೆಳಗಿನ ಐದೂಕಾಲು. ಪಿಕಪ್ಪಿನ ಹಿಂಬಾಗಿಲು ಇಳಿಸಿದರೆ
ಮೂಲಂಗಿ ಕಟ್ಟುಗಳು ಇನ್ನೂ ರಾತ್ರಿಯಷ್ಟೇ ತಣ್ಣಗೆ.
ಕೌಂಟಿ ಕೋರ್ಟಿನ ಹಿಂದೆ, ಕಾರು ನಿಲ್ಲಿಸುವ ಡಾಂಬರಿನ ಮೇಲೆ
ಡ್ವೇಯ್ನ್ ಸೀಮೆಸುಣ್ಣದಲ್ಲಿ ಬರೆದಿಟ್ಟ ನಂಬರುಗಳು:
ಹದಿನಾಲ್ಕು ನನ್ನದು.
ಹದಿನೈದು ಬ್ಲಿಯಾ ವಾಂಗಳದು.
ನಡುವೆ ಒಂದು ಮೊಳ ಜಾಗ, ಎಂಟು ಬೇಸಿಗೆಯ ಮೌನ.

ಜಗಳವೇನಲ್ಲ. ಜಗಳಕ್ಕೆ ಮಾತು ಬೇಕು.
ನಾನು ಹಲಗೆಯ ಮೇಲೆ ಬಟಾಣಿ ನಾಲ್ಕು ಡಾಲರ್ ಎಂದು ಬರೆಯುತ್ತೇನೆ.
ಅವಳು ಕತ್ತು ಚಾಚಿ ನೋಡಿ ಮೂರೂವರೆ ಬರೆಯುತ್ತಾಳೆ.
ನಾನು ಒರೆಸಿ ಮೂರೂಕಾಲು.
ಅವಳು ಒರೆಸಿ ಮೂರು.
ಗಿರಾಕಿ ಬರುವ ಮೊದಲೇ ಇಬ್ಬರ ಅಂಗೈಯೂ ಬೆಳ್ಳಗೆ.
ಮೇಜಿನ ಕೆಳಗೆ ಅಕ್ಕಿಚೀಲದ ಮೇಲೆ ಮಲಗಿದ ಅವಳ ಮೊಮ್ಮಗ ಟೌ
ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತಾನೆ.

ಬೋಣಿ ಯಾವತ್ತೂ ಮುದುಕ ಟೋರ್ಗರ್ಸನ್‌ನದೇ.
ಒಂದೇ ಒಂದು ನವಿಲುಕೋಸು ಕೊಳ್ಳಲು
ಹನ್ನೆರಡನ್ನು ಕೈಯಲ್ಲಿ ತೂಗಿ, ಇಪ್ಪತ್ತರ ನೋಟು ಚಾಚುತ್ತಾನೆ.
ನನ್ನ ಡಬ್ಬಿಯ ಚಿಲ್ಲರೆಯೆಲ್ಲ ಏಳು ಗಂಟೆಗೇ ಅವನ ಜೇಬಿಗೆ.
ಆ ಚಿಲ್ಲರೆಯಲ್ಲೇ ಪಕ್ಕದಲ್ಲಿ ಒಂದು ಕಟ್ಟು ಕೊತ್ತಂಬರಿ.
ನಲವತ್ತು ವರ್ಷ ಅಂಚೆ ಹಂಚಿದವನು,
ಯಾವ ಮನೆಯನ್ನೂ ಬಿಟ್ಟು ಹೋಗಿ ಅಭ್ಯಾಸವಿಲ್ಲ.

ಆಮೇಲೆ ಮ್ಯಾಡಿಸನ್ನಿನವರು.
ಔಷಧಿ ಹೊಡೆದಿದ್ದೀರಾ? ಇದರ ಸೊಪ್ಪು ತಿನ್ನಬಹುದಾ?
ಬೀಟ್‌ರೂಟಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ.
ಫೋಟೋವನ್ನು ತಕ್ಕಡಿಗೆ ಹಾಕುವ ಹಾಗಿಲ್ಲ.

ಜೂನ್ ತಿಂಗಳ ಮೂರನೇ ಶನಿವಾರ ಅದು.
ನಾಲ್ಕು ಕ್ರೇಟು ಸ್ಟ್ರಾಬೆರಿಗೆ ಜಾಗ ಮಾಡಲು
ಗುಡಾರದ ಕಾಲಿಗೆ ಕಟ್ಟುವ ಸಿಮೆಂಟಿನ ಬಕೆಟ್ಟುಗಳನ್ನು
ಕೊಟ್ಟಿಗೆಯಲ್ಲೇ ಬಿಟ್ಟು ಬಂದಿದ್ದೆ. ಆಸೆಬುರುಕತನ, ಒಪ್ಪುತ್ತೇನೆ.
ಒಂಬತ್ತೂವರೆಗೆ ಸೈಲೋಗಳ ಕಡೆಯಿಂದ ಗಾಳಿ ಬಂತು.
ಹಸು ಏಳುವಾಗ ಹಿಂಗಾಲು ಮೊದಲು ಎತ್ತುತ್ತದಲ್ಲ,
ಹಾಗೆ ಎದ್ದಿತು ನನ್ನ ಗುಡಾರ.
ಎರಡು ಕಾಲು ನಾನು ಹಿಡಿದೆ.
ಮೂರನೆಯದಕ್ಕೆ ಜೋತುಬಿದ್ದಿದ್ದಳು ಬ್ಲಿಯಾ,
ನಾಲ್ಕಡಿ ಹತ್ತಂಗುಲದ ಹೆಂಗಸು, ಹಿಮ್ಮಡಿ ನೆಲ ಬಿಟ್ಟಿತ್ತು.
ಅವಳ ಗುಡಾರಕ್ಕೆ ಕಟ್ಟಿದ್ದ ನೀರಿನ ಜಗ್ಗುಗಳು
ಹೇಗೋ ತಡೆದುಕೊಂಡವು.

"ಸಿಮೆಂಟು ಎಲ್ಲಿ?"
"ಕೊಟ್ಟಿಗೆಯಲ್ಲಿ."
"ಕೊಟ್ಟಿಗೆ ಹಾರಲ್ಲ," ಎಂದಳು.

ಎಂಟು ಬೇಸಿಗೆಯಲ್ಲಿ ನಾವು ಆಡಿದ್ದು ಅಷ್ಟೇ.
ಇಪ್ಪತ್ತು ನಿಮಿಷ ಹಾಗೇ ನಿಂತೆವು,
ನಾಲ್ಕು ಕೈಯೂ ಕಂಬಕ್ಕೆ, ಮಾರಲು ಒಂದೂ ಇಲ್ಲ.
ಜನ ತಾವೇ ತೂಗಿಕೊಂಡರು, ತಾವೇ ಎಣಿಸಿದರು,
ಕೈಗೆ ಸಿಕ್ಕ ಡಬ್ಬಿಗೆ ದುಡ್ಡು ಹಾಕಿದರು.
ಟೌ ಎದ್ದು ಕೂತು ಎಲ್ಲರಿಗೂ ಥ್ಯಾಂಕ್ಯೂ ಹೇಳಿದ,
ಹಾಕದೆ ಹೋದ ಒಬ್ಬಳಿಗೂ.

ಗಾಳಿ ನಿಂತ ಮೇಲೆ ಎರಡೂ ಡಬ್ಬಿ ಮೇಜಿನ ಮೇಲೆ ಸುರಿದೆವು.
ಯಾರ ಬಟಾಣಿಯ ಡಾಲರ್ ಯಾವುದು ಎಂದು
ನೋಟು ಹೇಳುವುದಿಲ್ಲ.
ನಿನಗೊಂದು, ನನಗೊಂದು, ಸಸಿ ಹಂಚಿದ ಹಾಗೆ ಹಂಚಿದಳು.
ಕೊನೆಗೆ ಒಂದು ಉಳಿಯಿತು.
ಅದನ್ನು ಇಬ್ಬರೂ ನೋಡಿದೆವು. ಟೌ ಕೂಡ ನೋಡಿದ,
ಎತ್ತಿಕೊಂಡು ಓಡಿ, ಚರ್ಚಿನ ಹೆಂಗಸರ ಮೇಜಿನಿಂದ
ಒಂದು ಡೋನಟ್ ತಂದ.
ಯಾರಿಗೂ ಕೊಡಲಿಲ್ಲ.

ಮುಂದಿನ ಶನಿವಾರ ಎಂಟು ಬಕೆಟ್ಟು ತಂದೆ.
ನಾಲ್ಕು ಹೆಚ್ಚು ಯಾಕೆಂದು ಅವಳು ಕೇಳಲಿಲ್ಲ,
ಜಗ್ಗು ಬಿಚ್ಚಿ ತನ್ನ ಗುಡಾರಕ್ಕೆ ಕಟ್ಟಿಕೊಂಡಳು.
ಹಲಗೆಯಲ್ಲಿ ನಾಲ್ಕು ಎಂದು ಬರೆದೆ.
ಕತ್ತು ಚಾಚಿ ನೋಡಿ, ನಾಲ್ಕು ಎಂದೇ ಬರೆದಳು.
ಸುಣ್ಣದ ಕಡ್ಡಿ ಜೇಬಿಗಿಟ್ಟೆ. ನೆಮ್ಮದಿ.

ಆಮೇಲೆ ನೋಡುತ್ತೇನೆ,
ತೂಗಿ ಕೊಟ್ಟ ಮೇಲೆ ಪ್ರತಿಯೊಬ್ಬರ ಚೀಲಕ್ಕೂ
ಒಂದು ಹಿಡಿ ಕೊಸರು ಹಾಕುತ್ತಿದ್ದಾಳೆ, ಬೇಡವೆಂದರೂ.
ಸಾಲು ಅವಳ ಕಡೆಗೇ ಬೆಳೆಯುತ್ತಿದೆ.
ಟೋರ್ಗರ್ಸನ್ ಕೂಡ, ಮೊದಲ ಸಲ,
ಅಲ್ಲಿಂದ ಶುರುಮಾಡಿದ್ದಾನೆ.